ಮಳೆಗಾಲದ ಹಕ್ಕಳೆ: ದನಗಳ ಚರ್ಮದ ಸೋಂಕನ್ನು ಗುರುತಿಸುವ ಬಗೆ



ಈ ಪತ್ರಿಕೆಯಲ್ಲಿ ಕೊಳೆರೋಗ, ಕಾಂಡಕೊರಕ, ಗೊಬ್ಬರದ ಲೆಕ್ಕ, ಮಾರುಕಟ್ಟೆಯ ಧಾರಣೆ ಇವುಗಳ ವಿಚಾರ ಬರೆಯುವುದು ವಾಡಿಕೆ. ಈ ಸಲ ತೋಟ ಬಿಟ್ಟು ಕೊಟ್ಟಿಗೆಗೆ ಬಂದಿದ್ದೇನೆ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ಕಳೆದ ವರ್ಷ ಪುನರ್ವಸು ಮಳೆ ಹಿಡಿದ ಹೊತ್ತಿನಲ್ಲಿ ಸದಸ್ಯರೊಬ್ಬರು ಎರಡನೆಯ ಔಷಧಿ ಹೊಡೆಸುವುದಕ್ಕೆ ಮೈಲುತುತ್ತ ಒಯ್ಯಲು ಸಂಘಕ್ಕೆ ಬಂದಿದ್ದರು. ಒಂದೂವರೆ ಎಕರೆ ತೋಟ, ಒಂದು ಮಿಶ್ರತಳಿ ಹಸು, ಅದರ ಎರಡು ತಿಂಗಳ ಕರು; ಇಷ್ಟು ಅವರ ಆಸ್ತಿ. ರಸೀದಿ ಬರೆಯುತ್ತಿದ್ದಾಗ ಕೇಳಿದರು:

"ಸೆಕ್ರೆಟರಿಗಳೇ, ನಮ್ಮ ದನದ ಬೆನ್ನ ಮೇಲೆ ಏನೋ ಚಕ್ಕೆ ಚಕ್ಕೆ ಎದ್ದಿದೆ. ಕೂದಲು ಗುಪ್ಪೆಗುಪ್ಪೆಯಾಗಿ ಅಂಟಿಕೊಂಡಿದೆ. ಹುಳಕಡ್ಡಿ ಆಗಿರಬಹುದಾ?"

"ಹುಳಕಡ್ಡಿಯೇ ಇರಬೇಕು ಗೌಡ್ರೆ. ಮೆಡಿಕಲ್ ಶಾಪಿನಲ್ಲಿ ಹುಳಕಡ್ಡಿಗೆ ಹಚ್ಚುವ ಮುಲಾಮು ಸಿಗುತ್ತದೆ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ದಪ್ಪಗೆ ಬಳಿಯಿರಿ," ಎಂದೆ.

ಪದವಿ ಓದಿದವನು, ಸಂಘದ ಕಾರ್ಯದರ್ಶಿ, ನಾಲ್ಕು ಜನ ಕೇಳುವ ಮಾತು, ಅವರು ನಂಬಿದರು. ನಾನು ದನವನ್ನು ನೋಡಿರಲಿಲ್ಲ. ಮೂರು ವಾರ ದಿನಕ್ಕೆರಡು ಸಲ ಎಣ್ಣೆ ಬಳಿದರು. ಆಶ್ಲೇಷ ಮಳೆಯಲ್ಲಿ ಪಶುವೈದ್ಯರು ಬಂದು ನೋಡುವ ವೇಳೆಗೆ ಹೆಗಲಿನಿಂದ ಸೊಂಟದವರೆಗೆ ಬೆನ್ನು ತೊಗಟೆ ಹೊದ್ದಂತೆ ಆಗಿತ್ತು. ಕೆಚ್ಚಲಿನ ಬುಡಕ್ಕೂ ಇಳಿದಿತ್ತು. ಹೊತ್ತಿಗೆ ಮೂರು ಲೀಟರು ಕೊಡುತ್ತಿದ್ದ ಹಸು ಒಂದು ಕುಡ್ತೆಗೆ ಬಂದಿತ್ತು. ಕರುವಿನ ಮೂತಿಯ ಸುತ್ತ ಹಕ್ಕಳೆ ಕಟ್ಟಿ ಅದಕ್ಕೆ ಮೊಲೆ ಕಚ್ಚಲು ಆಗುತ್ತಿರಲಿಲ್ಲ. ಹಸು ಉಳಿಯಿತು. ಕರು ಉಳಿಯಲಿಲ್ಲ. ವೈದ್ಯರು ಹೇಳಿದಂತೆ ಅದು ಹುಳಕಡ್ಡಿಯಲ್ಲ, ಬ್ಯಾಕ್ಟೀರಿಯಾದಿಂದ ಬರುವ ಚರ್ಮದ ಸೋಂಕು. ಸಾಲದ್ದಕ್ಕೆ ಆ ಮುಲಾಮಿನಲ್ಲಿ ಸ್ಟಿರಾಯ್ಡ್ ಬೆರೆತಿತ್ತು. ಅದು ಚರ್ಮದ ಎದುರಿಸುವ ಶಕ್ತಿಯನ್ನೇ ಕುಗ್ಗಿಸುವಂಥದು.

ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಆ ಮೇಲೆ ನಾನು ವೈದ್ಯರ ಹಿಂದೆ ನಾಲ್ಕಾರು ಕೊಟ್ಟಿಗೆ ಸುತ್ತಿ, ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಪಾಠದ ರೂಪದಲ್ಲಿ ಕೊಡುತ್ತಿದ್ದೇನೆ.

ರೋಗದ ಸ್ವರೂಪ

ಈ ರೋಗಕ್ಕೆ ಶಾಸ್ತ್ರೀಯ ಹೆಸರು ಡರ್ಮಟೊಫೈಲೋಸಿಸ್. ರೋಗಾಣುವಿನ ಹೆಸರು ಡರ್ಮಟೊಫೈಲಸ್ ಕಾಂಗೋಲೆನ್ಸಿಸ್. 1915ರಲ್ಲಿ ಆಗಿನ ಬೆಲ್ಜಿಯನ್ ಕಾಂಗೋ ದೇಶದ ದನಗಳಲ್ಲಿ ಇದನ್ನು ವಾನ್ ಸಾಸೆಗೆಮ್ ಎಂಬ ವಿಜ್ಞಾನಿ ಮೊದಲು ವರ್ಣಿಸಿದ್ದರಿಂದ ಕಾಂಗೋ ದೇಶದ ಹೆಸರು ಅಂಟಿಕೊಂಡಿತು. ಮಳೆ ಹೆಚ್ಚಾಗಿರುವ ಉಷ್ಣ ದೇಶಗಳಲ್ಲೆಲ್ಲ ಇದು ಉಂಟು. ಹೆಸರು ಬಾಯಿಗೆ ತಿರುಗುವಂಥದಲ್ಲವಾದುದರಿಂದ ಈ ಲೇಖನದಲ್ಲಿ "ಮಳೆಹಕ್ಕಳೆ" ಎಂದು ಕರೆಯುತ್ತೇನೆ.

ಅಡಿಕೆ ಬೆಳೆಗಾರರಿಗೆ ಇದರ ನಡವಳಿಕೆ ತಿಳಿಸುವುದು ಸುಲಭ, ಏಕೆಂದರೆ ಇದರ ಅಣ್ಣನಂಥದನ್ನು ನಾವು ತಲೆಮಾರುಗಳಿಂದ ಬಲ್ಲೆವು. ಕಳೆದ ಶತಮಾನದ ಮೊದಲಲ್ಲಿ ಡಾ. ಕೋಲ್ಮನ್‌ರವರು ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣ ಬಳಕೆಗೆ ತಂದ ಸಂಗತಿ ಸದಸ್ಯರಿಗೆ ಗೊತ್ತಿದೆ. ಕೊಳೆರೋಗದ ಶಿಲೀಂಧ್ರಕ್ಕೆ ನೀರಿನಲ್ಲಿ ಈಜುವ ಬೀಜಾಣುಗಳಿವೆ. ಕಾಯಿಯ ಮೇಲೆ ನೀರಿನ ಪೊರೆ ನಿಂತರೆ ಅವು ಈಜಿ ಹೋಗಿ ಕಾಯಿಯನ್ನು ಹೊಗುತ್ತವೆ. ಬಿಸಿಲು ಬಿದ್ದರೆ ಆಟ ನಿಂತಿತು. ಮಳೆಹಕ್ಕಳೆಯ ರೋಗಾಣು ಶಿಲೀಂಧ್ರವಲ್ಲ, ಬ್ಯಾಕ್ಟೀರಿಯಾ. ಆದರೆ ಇದಕ್ಕೂ ಅಂಥದೇ ಈಜುವ ಅವಸ್ಥೆ ಇದೆ. ಒಣ ಹಕ್ಕಳೆಯಲ್ಲಿ ಅದು ತಿಂಗಳುಗಟ್ಟಲೆ ಮಲಗಿರುತ್ತದೆ. ನೀರು ತಾಗಿದೊಡನೆ ಎಚ್ಚೆತ್ತು, ಬಾಲ ಮೂಡಿಸಿಕೊಂಡು, ಒದ್ದೆ ಚರ್ಮದ ಮೇಲೆ ಈಜಿ, ಎಲ್ಲಾದರೂ ಗೀರು ಇದ್ದರೆ ಒಳಹೊಗುತ್ತದೆ.

ಆರೋಗ್ಯವಾದ ಚರ್ಮಕ್ಕೆ ಎಣ್ಣೆಯಂಶದ ತೆಳು ಲೇಪವೊಂದು ಸ್ವಾಭಾವಿಕವಾಗಿ ಇರುತ್ತದೆ. ಒಂದೆರಡು ದಿನದ ಮಳೆ ಅದಕ್ಕೇನೂ ಮಾಡುವುದಿಲ್ಲ. ಆದರೆ ನಮ್ಮ ಕಡೆಯ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ ಹದಿನೈದು ದಿನ ಬಿಸಿಲು ಕಾಣದೆ ದನ ನೆನೆಯುತ್ತಲೇ ಇದ್ದರೆ ಆ ಲೇಪ ತೊಳೆದುಹೋಗಿ ಚರ್ಮ ಮೆತ್ತಗಾಗುತ್ತದೆ. ಮುಳ್ಳಿನ ಗೀರು, ಬೇಲಿಯ ತಂತಿಯ ಗೀರು, ಉಣುಗು ಕಚ್ಚಿದ ಗಾಯ, ನೊಣ ಕುಟುಕಿದ ತೂತು, ಇವೆಲ್ಲ ಬಾಗಿಲು. ಒಳಹೊಕ್ಕ ರೋಗಾಣು ಚರ್ಮದ ಮೇಲ್ಪದರದಲ್ಲಿ ದಾರದಂತೆ ಕವಲೊಡೆದು ಬೆಳೆಯುತ್ತದೆ. ಶರೀರ ಸುಮ್ಮನಿರುವುದಿಲ್ಲ, ಕೀವನ್ನು ಕಳಿಸಿ, ಕೆಳಗೆ ಹೊಸ ಚರ್ಮದ ಪದರವನ್ನು ಹೊಸೆಯುತ್ತದೆ. ರೋಗಾಣು ಕೂದಲಿನ ಬುಡದಲ್ಲಿ ಉಳಿದುಕೊಂಡು ಆ ಹೊಸ ಪದರಕ್ಕೂ ಇಳಿಯುತ್ತದೆ. ಶರೀರ ಮತ್ತೆ ಪದರ ಕಟ್ಟುತ್ತದೆ, ಅದು ಮತ್ತೆ ಇಳಿಯುತ್ತದೆ. ಹೀಗೆ ಚರ್ಮ, ಕೀವು, ಚರ್ಮ, ಕೀವು ಎಂದು ಪದರದ ಮೇಲೆ ಪದರ ಕೂಡಿ ದಪ್ಪ ಹಕ್ಕಳೆಯಾಗುತ್ತದೆ.

ಇಷ್ಟು ತಿಳಿದರೆ ಎಣ್ಣೆ ಬಳಿಯುವುದು ಏಕೆ ತಪ್ಪೆಂಬುದು ತಾನಾಗಿ ತಿಳಿಯುತ್ತದೆ. ಹಕ್ಕಳೆಯ ಕೆಳಗಿನ ತೇವ ಆರಬೇಕಾದಲ್ಲಿ ನಾವು ಮೇಲಿನಿಂದ ಮುಚ್ಚಳ ಹಾಕಿ ಕೂರಿಸಿದಂತಾಗುತ್ತದೆ.

ನೋಡಿ ಗುರುತಿಸುವ ಕ್ರಮ

ದನವನ್ನು ಹೊರಗೆ ಬೆಳಕಿಗೆ ತನ್ನಿ. ಕೊಟ್ಟಿಗೆಯ ಕತ್ತಲಲ್ಲಿ ಬ್ಯಾಟರಿ ಹಿಡಿದು ಚರ್ಮ ನೋಡುವುದು ಉಪಯೋಗಕ್ಕಿಲ್ಲ.

ಮೊದಲು ಎಲ್ಲಿ ಎದ್ದಿದೆ ಎಂಬುದನ್ನು ನೋಡಬೇಕು. ಮಳೆಹಕ್ಕಳೆ ನೀರಿನ ದಾರಿ ಹಿಡಿಯುತ್ತದೆ. ಮೇಲಿನಿಂದ ಮಳೆ ಬಿದ್ದ ದನಕ್ಕೆ ಬೆನ್ನ ನಡುಗೆರೆ, ಹೆಗಲು, ಸೊಂಟ. ಅಲ್ಲಿಂದ ನೀರು ಇಳಿಯುವ ಪಕ್ಕೆಗಳು. ಕೆಸರು ಗದ್ದೆ, ಹಳ್ಳ ದಾಟುವ ದನಕ್ಕೆ ಕಾಲು. ಗಂಜಲದಲ್ಲಿ ಮಲಗುವ ಹಸುವಿಗೆ ಕೆಚ್ಚಲು, ತೊಡೆಯ ಸಂದಿ. ಮುಳ್ಳಿನ ಸೊಪ್ಪು ಮೇಯುವುದಕ್ಕೂ ಹಾಲು ಕುಡಿಯುವ ಕರುವಿಗೂ ಮೂತಿಯ ಸುತ್ತ. ನೀರಿನ ದಾರಿಗೂ ಗಾಯದ ದಾರಿಗೂ ಹೊಂದಿಕೆಯಾದರೆ ಅರ್ಧ ಗುರುತು ಸಿಕ್ಕಿದಂತೆ.

ಎರಡನೆಯದು ಕೂದಲು. ಆರಂಭದಲ್ಲಿ ಕಣ್ಣಿಗಿಂತ ಅಂಗೈಗೇ ಇದು ಮೊದಲು ಸಿಗುತ್ತದೆ. ಬೆನ್ನು ಸವರಿದರೆ ಗಂಟುಗಂಟಾಗಿ ತಾಗುತ್ತದೆ. ಕೂದಲು ಕುಚ್ಚುಕುಚ್ಚಾಗಿ ಅಂಟಿಕೊಂಡು, ಬಣ್ಣ ಹೊಡೆಯುವ ಬ್ರಷ್ಷನ್ನು ತೊಳೆಯದೆ ಒಣಗಲು ಬಿಟ್ಟರೆ ಹೇಗಿರುತ್ತದೆಯೋ ಹಾಗೆ ನೆಟ್ಟಗೆ ನಿಂತಿರುತ್ತದೆ. ಅಂಥ ಒಂದು ಕುಚ್ಚನ್ನು, ಕೈಗೆ ಗ್ಲೌಸು ಹಾಕಿಕೊಂಡು, ಮೆಲ್ಲನೆ ಎಳೆಯಬೇಕು. ಮಳೆಹಕ್ಕಳೆಯಾಗಿದ್ದರೆ ಕೂದಲು ಬೇರುಸಹಿತ ಹಕ್ಕಳೆಯೊಂದಿಗೇ ಕಿತ್ತು ಬರುತ್ತದೆ. ತಿರುಗಿಸಿ ನೋಡಿದರೆ ಹಕ್ಕಳೆಯ ಅಡಿ ತಗ್ಗಾಗಿ, ತೇವವಾಗಿರುತ್ತದೆ. ಕೂದಲಿನ ಬೇರುಗಳು ಅದನ್ನು ತೂರಿಕೊಂಡು ಹೊರಚಾಚಿರುತ್ತವೆ. ಕಿತ್ತ ಜಾಗ ಕೆಂಪಗೆ ಹಸಿಗಾಯದಂತಿದ್ದು ಹಳದಿ ಇಲ್ಲವೆ ಬೂದು ಬಣ್ಣದ ಕೀವು ಸವರಿದಂತೆ ಕಾಣುತ್ತದೆ. ಈ ಒಂದು ಪರೀಕ್ಷೆಯನ್ನು ನಾನು ಅಂದು ಮಾಡಿದ್ದರೆ ಅಥವಾ ಗೌಡರಿಗೆ ಮಾಡಲು ಹೇಳಿದ್ದರೆ ಸಾಕಿತ್ತು.

ಮೂರನೆಯದು ತುರಿಕೆ. ಮಳೆಹಕ್ಕಳೆ ಬಂದ ದನ ಸಾಮಾನ್ಯವಾಗಿ ಮೈ ಉಜ್ಜುವುದಿಲ್ಲ. ಮುಟ್ಟಿದರೆ ನೋವಿಗೆ ಬೆನ್ನು ತಗ್ಗಿಸುತ್ತದೆ. ಕಂಬಕ್ಕೆ, ಗೂಟಕ್ಕೆ, ಅಡಿಕೆ ಮರಕ್ಕೆ ಬಿಡದೆ ಉಜ್ಜುವ ದನಕ್ಕೆ ಬೇರೆ ಏನೋ ಆಗಿದೆ.

ಜ್ವರ ಇದೆಯೇ, ಮೇವು ತಿನ್ನುತ್ತಿದೆಯೇ, ಕೊಟ್ಟಿಗೆಯಲ್ಲಿ ಎಷ್ಟಕ್ಕೆ ಬಂದಿದೆ, ಅವುಗಳ ವಯಸ್ಸೆಷ್ಟು ಎಂಬುದನ್ನೂ ಗುರುತು ಹಾಕಿಕೊಂಡು ವೈದ್ಯರಿಗೆ ಹೇಳಬೇಕು. ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ. ದೂರದಿಂದ ಇಡೀ ದನದ ಒಂದು ಫೋಟೋ, ಹತ್ತಿರದಿಂದ ಹಕ್ಕಳೆಯ ಅಡಿಭಾಗದ ಒಂದು ಫೋಟೋ ತೆಗೆದಿಟ್ಟರೆ ವೈದ್ಯರಿಗೆ ಬಹಳ ಅನುಕೂಲ. ಆದರೆ ಫೋಟೋ ನೋಡಿ ಔಷಧಿ ಹೇಳಿರೆಂದು ಅವರನ್ನು ಪೀಡಿಸಬಾರದು.

ಸಂಶಯ ಉಳಿದರೆ ಸೂಕ್ಷ್ಮದರ್ಶಕದ ಪರೀಕ್ಷೆಯಿದೆ. ಹಕ್ಕಳೆಯ ಒದ್ದೆ ಅಡಿಯನ್ನು ಗಾಜಿನ ಪಟ್ಟಿಗೆ ಒತ್ತಿ, ಒಣಗಿಸಿ, ಜೀಮ್ಸಾ ಬಣ್ಣ ಕಟ್ಟಿ ನೋಡಿದರೆ ರೋಗಾಣುಗಳು ಎರಡೆರಡು ಸಾಲಾಗಿ ರೈಲು ಹಳಿಯಂತೆ ಕಾಣುತ್ತವೆ. ನಾನು ಕಣ್ಣಾರೆ ನೋಡಿದ್ದೇನೆ. ಒಮ್ಮೆ ನೋಡಿದವರು ಮರೆಯುವಂತಿಲ್ಲ. ಹಕ್ಕಳೆಯನ್ನು ಆಸ್ಪತ್ರೆಗೆ ಒಯ್ಯುವವರು ಕಾಗದದ ಲಕೋಟೆಯಲ್ಲಿ ಒಯ್ಯಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವತು ಬೇರೆ ಸೂಕ್ಷ್ಮಜೀವಿಗಳು ಬೆಳೆದು ಪರೀಕ್ಷೆ ಕೆಡುತ್ತದೆ.

ಯಾವುದು ಅದಲ್ಲ

ಹುಳಕಡ್ಡಿ ಶಿಲೀಂಧ್ರದ ರೋಗ. ಹೆಚ್ಚಾಗಿ ಕರುಗಳಿಗೆ, ಕಣ್ಣಿನ ಸುತ್ತ, ಮುಖ, ಕುತ್ತಿಗೆಯ ಮೇಲೆ ಬರುತ್ತದೆ. ನಾಣ್ಯದಂತೆ ದುಂಡಗೆ, ಬೂದಿ ಬಳಿದಂತೆ ಬಿಳಿಚಿಕೊಂಡ ಒಣ ಚಕ್ಕೆ, ಕೂದಲು ಮುರಿದು ಬೋಳಾಗಿರುತ್ತದೆಯೇ ಹೊರತು ಕುಚ್ಚಾಗಿ ನಿಂತಿರುವುದಿಲ್ಲ, ಕೆಳಗೆ ಕೀವಿಲ್ಲ. ಬಹುಪಾಲು ಕರುಗಳಲ್ಲಿ ಕೆಲವು ತಿಂಗಳಲ್ಲಿ ತಾನೇ ಮಾಯುತ್ತದೆ. ಇದಕ್ಕೆ ಬ್ಯಾಕ್ಟೀರಿಯಾದ ಇಂಜೆಕ್ಷನ್ ಹಾಕಿಸುವುದು ದಂಡ. ಮನುಷ್ಯರಿಗೆ, ಅದರಲ್ಲೂ ಮಕ್ಕಳಿಗೆ, ಬೇಗ ಅಂಟುತ್ತದೆಂಬುದು ನೆನಪಿರಲಿ.

ಕಜ್ಜಿ ಕಣ್ಣಿಗೆ ಕಾಣದ ನುಸಿಯಿಂದ ಬರುವುದು. ಇಲ್ಲಿ ತುರಿಕೆಯೇ ಮುಖ್ಯ ಲಕ್ಷಣ. ದನ ಹೊತ್ತುಗೊತ್ತಿಲ್ಲದೆ ಉಜ್ಜುತ್ತದೆ, ಚರ್ಮ ದಪ್ಪಗಾಗಿ ಮಡಿಕೆ ಬೀಳುತ್ತದೆ. ಐವರ್‌ಮೆಕ್ಟಿನ್ ಎಂಬ ಇಂಜೆಕ್ಷನ್ನಿನ ಹೆಸರು ಈಗ ಎಲ್ಲರಿಗೂ ಗೊತ್ತು. ಹಾಲು ಕರೆಯುವ ಹಸುವಿಗೆ ವೈದ್ಯರನ್ನು ಕೇಳದೆ ಅದನ್ನು ಹಾಕಿಸಲೇಕೂಡದು.

ಚರ್ಮಗಂಟು ರೋಗ ವೈರಸ್ಸಿನಿಂದ ಬರುವಂಥದು. ನಮ್ಮ ದೇಶದಲ್ಲಿ 2019ರಲ್ಲಿ ಒಡಿಶಾದಲ್ಲಿ ಮೊದಲು ಕಾಣಿಸಿತು. ಕರ್ನಾಟಕಕ್ಕೆ 2020ರಲ್ಲಿ ಬಂದು, 2022ರಲ್ಲಿ ಮತ್ತೆ ಬಹಳ ಹಾವಳಿ ಮಾಡಿತು. ಆ ಹೆದರಿಕೆಯಿಂದ ಈಗ ದನದ ಮೈಮೇಲೆ ಏನೇ ಎದ್ದರೂ ಚರ್ಮಗಂಟೆಂದೇ ಜನ ಗಾಬರಿಯಾಗುತ್ತಾರೆ. ಅದರಲ್ಲಿ ಮೊದಲು ಜ್ವರ ಬರುತ್ತದೆ, ಆಮೇಲೆ ಮೈಯೆಲ್ಲ ಅಡಿಕೆ ಗಾತ್ರದ, ಕೆಲವು ಇನ್ನೂ ದೊಡ್ಡ, ದುಂಡನೆಯ ಗಟ್ಟಿ ಗಂಟುಗಳು ಚರ್ಮದ ಒಳಗಿನಿಂದಲೇ ಏಳುತ್ತವೆ, ಕಾಲು ಬಾಯುತ್ತದೆ. ಗಂಟು ಒಡೆದ ಮೇಲೆ ಬ್ಯಾಕ್ಟೀರಿಯಾ ಸೇರಿ ಕೀವಾಗುವುದುಂಟು. ಸಂಶಯವಿದ್ದರೆ ತಡಮಾಡದೆ ಇಲಾಖೆಗೆ ತಿಳಿಸಬೇಕು. ಇದಕ್ಕೆ ಲಸಿಕೆ ಇದೆ. ಮಳೆಹಕ್ಕಳೆಗೆ ಲಸಿಕೆ ಇಲ್ಲ.

ಇನ್ನೊಂದು, ಲಂಟಾನದ ವಿಷ. ಬೇಸಗೆಯ ಕೊನೆಯಲ್ಲಿ ಬ್ಯಾಣದಲ್ಲಿ ಹುಲ್ಲಿಲ್ಲದಾಗ ಹಸಿದ ದನ ಲಂಟಾನದ ಸೊಪ್ಪಿಗೆ ಬಾಯಿ ಹಾಕಿದರೆ ಪಿತ್ತಕೋಶ ಕೆಟ್ಟು ಬಿಸಿಲನ್ನು ತಡೆಯುವ ಶಕ್ತಿ ಚರ್ಮಕ್ಕೆ ಹೋಗುತ್ತದೆ. ಕಪ್ಪು ಬಿಳುಪಿನ ಮಿಶ್ರತಳಿಯಲ್ಲಿ ಇದನ್ನು ಗುರುತಿಸುವುದು ಅತಿ ಸುಲಭ: ಬಿಳಿಯ ಜಾಗ ಮಾತ್ರ ಸುಟ್ಟಂತೆ ಸುಲಿಯುತ್ತದೆ, ಗೆರೆ ಎಳೆದಂತೆ ಕಪ್ಪು ಜಾಗ ಹಾಗೆಯೇ ಉಳಿದಿರುತ್ತದೆ. ಕಣ್ಣು ಹಳದಿಯಾಗಿರುತ್ತದೆ. ಇದು ಚರ್ಮದ ರೋಗವೇ ಅಲ್ಲ. ದನವನ್ನು ನೆರಳಿಗೆ ಕಟ್ಟಿ ಅಂದೇ ವೈದ್ಯರನ್ನು ಕರೆಸಬೇಕು.

ಬ್ಯಾಕ್ಟೀರಿಯಾದ ಸೋಂಕುಗಳಲ್ಲೇ ಬೇರೆ ಕೆಲವಿವೆ. ಕೆಚ್ಚಲಿನ ಮೇಲೆ ಸಣ್ಣ ಕೀವುಗುಳ್ಳೆಗಳು ಏಳುವುದು ಬಹುಮಟ್ಟಿಗೆ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ. ಅದು ಹಾಲು ಕರೆಯುವವರ ಕೈಯ ಮೂಲಕ ಒಂದು ಹಸುವಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಗುಳ್ಳೆಯಿರುವ ಹಸುವನ್ನು ಕೊನೆಗೆ ಕರೆದು ಕೈ ತೊಳೆದರೆ ಅರ್ಧ ಕೆಲಸ ಮುಗಿಯಿತು. ಕುರು ಬಿಡಿಯಾಗಿ ಒಂದೇ ಕಡೆ ಬಾತು ಬರುತ್ತದೆ. ಹಣ್ಣಾಗುವ ಮೊದಲು ಅದನ್ನು ಹಿಂಡಬಾರದು.

ಚಿಕಿತ್ಸೆ

ಮೊದಲ ಔಷಧಿ ಒಣ ಜಾಗ. ಹೇಳುವುದಕ್ಕೆ ಸುಲಭ, ಪುಷ್ಯ ಮಳೆಯಲ್ಲಿ ಮಾಡುವುದು ಕಷ್ಟ, ನನಗೆ ಗೊತ್ತು. ಆದರೂ ಸೋಂಕು ಬಂದ ದನವನ್ನು ಹದಿನೈದು ದಿನ ಮೇಯಲು ಬಿಡದೆ ಕಟ್ಟಿ ಸಾಕಬೇಕು. ಬೇರೆ ದನಗಳ ಮೈಗೆ ಮೈ ತಾಗದಂತೆ ಕಟ್ಟಬೇಕು. ಮೈಗೆ ನೀರು ತಾಗದಿದ್ದರೆ ಸಣ್ಣ ಸೋಂಕು ಎರಡು ಮೂರು ವಾರದಲ್ಲಿ ತಾನೇ ಒಣಗಿ ಉದುರುವುದೂ ಉಂಟು.

ಎರಡನೆಯದು ಹಕ್ಕಳೆ ತೆಗೆಯುವುದು. ಸುತ್ತಲ ಕೂದಲನ್ನು ಕತ್ತರಿಸಿ, ಉಗುರುಬೆಚ್ಚನೆಯ ನೀರಿಗೆ ಸಾಬೂನು ಹಾಕಿ ನೆನೆಸಿದ ಬಟ್ಟೆಯನ್ನು ಹತ್ತು ನಿಮಿಷ ಹಕ್ಕಳೆಯ ಮೇಲೆ ಇಟ್ಟರೆ ಅದು ಮೆತ್ತಗಾಗುತ್ತದೆ. ಬಿಟ್ಟುಬಂದಷ್ಟನ್ನು ಮಾತ್ರ ತೆಗೆಯಬೇಕು. ಬಲವಂತವಾಗಿ ಕಿತ್ತರೆ ನೋವು, ರಕ್ತ, ಹೊಸ ಗಾಯ. ಒಂದೇ ದಿನ ಮುಗಿಸುವ ಹಟ ಬೇಡ. ಆಮೇಲೆ ಪೊವಿಡೋನ್ ಅಯೊಡಿನ್ ಅಥವಾ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ನೀರಿಗೆ ಬೆರೆಸಿ ಒರೆಸಿ, ಒಣ ಬಟ್ಟೆಯಿಂದ ಒತ್ತಿ ತೇವ ತೆಗೆಯಬೇಕು. ಈ ಕೊನೆಯ ಕೆಲಸವನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ. ತೊಳೆದು ಒದ್ದೆಯಾಗಿ ಬಿಡುವುದಕ್ಕಿಂತ ತೊಳೆಯದಿರುವುದೇ ವಾಸಿ.

ತೆಗೆದ ಹಕ್ಕಳೆಯನ್ನು ಒಂದು ಹಾಳೆಯ ಮೇಲೆ ಕೂಡಿಹಾಕಿ ಒಲೆಗೆ ಹಾಕಬೇಕು. ಗೊಬ್ಬರದ ಗುಂಡಿಗೆ ಎಸೆದರೆ ಮುಂದಿನ ಮಳೆಗಾಲಕ್ಕೆ ಬಿತ್ತನೆ ಬೀಜ ಇಟ್ಟಂತೆ. ಕತ್ತರಿ, ಬ್ರಷ್ಷು, ಹಗ್ಗಗಳನ್ನು ಕುದಿಯುವ ನೀರಿನಲ್ಲಿ ಅದ್ದಬೇಕು. ಕೆಲಸ ಮಾಡುವವರು ಗ್ಲೌಸು ಹಾಕಿಕೊಳ್ಳಬೇಕು. ಈ ಸೋಂಕು ಅಪರೂಪಕ್ಕೆ ಮನುಷ್ಯರ ಕೈಗೂ ಕೀವುಗುಳ್ಳೆಯಾಗಿ ಬರುತ್ತದೆ.

ಅಂಗೈ ಅಗಲಕ್ಕಿಂತ ಹೆಚ್ಚು ಹರಡಿದ್ದರೆ, ಜ್ವರವಿದ್ದರೆ, ಕೆಚ್ಚಲಿಗೆ ಅಥವಾ ಕರುವಿನ ಮೂತಿಗೆ ಬಂದಿದ್ದರೆ ಮೇಲಿನ ಔಷಧಿ ಸಾಲದು, ಇಂಜೆಕ್ಷನ್ ಬೇಕು. ಈ ರೋಗಾಣು ಸಾಮಾನ್ಯವಾಗಿ ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್, ಆಕ್ಸಿಟೆಟ್ರಾಸೈಕ್ಲಿನ್‌ಗಳಿಗೆ ಬಗ್ಗುತ್ತದೆ. ದೀರ್ಘಕಾಲ ಕೆಲಸಮಾಡುವ ಆಕ್ಸಿಟೆಟ್ರಾಸೈಕ್ಲಿನ್ನನ್ನು ದೇಹದ ತೂಕ ಕಿಲೋ ಒಂದಕ್ಕೆ 20 ಮಿಲಿಗ್ರಾಮಿನಂತೆ ಲೆಕ್ಕ ಹಾಕುವುದು ವಾಡಿಕೆ. ಇದನ್ನು ಹೇಳಿದ್ದು ನೀವೇ ಸೂಜಿ ಹಿಡಿಯಲೆಂದಲ್ಲ. ತೂಕ ಎಷ್ಟು ಮುಖ್ಯವೆಂದು ತಿಳಿಯಲೆಂದು. ಯಾವ ಔಷಧಿ, ಎಷ್ಟು ದಿನ ಎಂಬುದು ವೈದ್ಯರ ತೀರ್ಮಾನ. ಪೆನಿಸಿಲಿನ್ ಒಗ್ಗದ ದನ ನಿಂತಲ್ಲೇ ಕುಸಿದು ಬೀಳುವುದುಂಟು. ಆಗ ಎದುರು ಔಷಧಿ ಕೈಯಲ್ಲಿರುವವರು ಪಕ್ಕದಲ್ಲಿರಬೇಕು.

ನಮ್ಮಲ್ಲಿ ಎರಡು ಕೆಟ್ಟ ರೂಢಿಗಳಿವೆ. ಕಳೆದ ಸಲದ ಬಾಟಲಿಯಲ್ಲಿ ಉಳಿದದ್ದನ್ನು ಈ ಸಲ ಹಾಕಿಸುವುದು ಒಂದು. ಮೂರು ದಿನದ ಇಂಜೆಕ್ಷನ್ನಿನಲ್ಲಿ ಒಂದನೆಯ ದಿನಕ್ಕೇ ದನ ಚುರುಕಾಯಿತೆಂದು ನಿಲ್ಲಿಸುವುದು ಇನ್ನೊಂದು. ಎರಡರಿಂದಲೂ ಬಲಿಷ್ಠ ರೋಗಾಣು ಉಳಿದುಕೊಳ್ಳುತ್ತದೆ. ಕೊಳೆರೋಗಕ್ಕೆ ಒಂದು ಪ್ರತಿಶತದ ದ್ರಾವಣದ ಬದಲು ಅರ್ಧ ಪ್ರತಿಶತ ಹೊಡೆಸಿ ಫಲವಿಲ್ಲವೆಂದು ಸಂಘಕ್ಕೆ ಬಂದು ಜಗಳ ಮಾಡುವ ಸದಸ್ಯರು ಇದ್ದಾರೆ. ಅವರಿಗೆ ಇದು ಬೇಗ ಅರ್ಥವಾಗಬೇಕು.

ತೂಕದ ಲೆಕ್ಕ

ದನವನ್ನು ತಕ್ಕಡಿಗೆ ಏರಿಸಲಾಗದು. ಟೇಪಿನಿಂದ ಅಂದಾಜು ಮಾಡುವ ಹಳೆಯ ಸೂತ್ರವೊಂದಿದೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಅಂಗುಲದಲ್ಲಿ ತೆಗೆದುಕೊಳ್ಳಿ. ಭುಜದ ಮೊನೆಯಿಂದ ಬಾಲದ ಪಕ್ಕದ ಎಲುಬಿನವರೆಗೆ ಉದ್ದವನ್ನೂ ಅಂಗುಲದಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ತೂಕ ಬರುತ್ತದೆ. ಉದಾಹರಣೆಗೆ ನಮ್ಮನೆಯ ಮಲೆನಾಡು ಗಿಡ್ಡ: ಸುತ್ತಳತೆ 46, ಉದ್ದ 40. 46ನ್ನು 46ರಿಂದ ಗುಣಿಸಿದರೆ 2116. ಅದನ್ನು 40ರಿಂದ ಗುಣಿಸಿದರೆ 84,640. 660ರಿಂದ ಭಾಗಿಸಿದರೆ ಸುಮಾರು 128 ಕಿಲೋ. ಅದೇ ಪಕ್ಕದಲ್ಲಿ ಕಟ್ಟಿದ ಮಿಶ್ರತಳಿ: ಸುತ್ತಳತೆ 60, ಉದ್ದ 50. ಲೆಕ್ಕ ಹಾಕಿದರೆ ಸುಮಾರು 273 ಕಿಲೋ. ಎರಡೂ "ಒಂದು ದನ"ವೇ. ಆದರೆ ಔಷಧಿ ಎರಡರಷ್ಟು ವ್ಯತ್ಯಾಸ. ಫೋನಿನಲ್ಲಿ ವೈದ್ಯರೊಡನೆ ಮಾತಾಡುವಾಗ "ನಡು ಗಾತ್ರದ ದನ" ಎನ್ನುವ ಬದಲು ಈ ಅಂಕಿ ಹೇಳಿದರೆ ಅವರಿಗೆ ಉಪಕಾರ.

ಹಾಲಿನ ವಿಚಾರ

ಇಂಜೆಕ್ಷನ್ ಹಾಕಿಸಿದ ಹಸುವಿನ ಹಾಲನ್ನು ಎಷ್ಟು ದಿನ ಬಿಡಬೇಕೆಂಬುದು ಬಾಟಲಿಯ ಮೇಲೆ ಬರೆದಿರುತ್ತದೆ. ವೈದ್ಯರನ್ನು ಕೇಳಿ ದಿನಾಂಕವನ್ನು ಕೊಟ್ಟಿಗೆಯ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಅಲ್ಲಿಯವರೆಗೆ ಆ ಹಾಲು ಡೈರಿಗೂ ಬೇಡ, ಮನೆಗೂ ಬೇಡ. ಕಾಯಿಸಿದ ಮಾತ್ರಕ್ಕೆ ಔಷಧಿಯ ಅಂಶ ಹೋಗಿಬಿಡುವುದಿಲ್ಲ. ಪೆನಿಸಿಲಿನ್ ಒಗ್ಗದ ಮನುಷ್ಯರಿಗೆ ಅದು ಅಪಾಯ. ಮನೆಯ ಹೆಂಗಸರಿಗೆ ಇದರ ಗುರುತು ನಮಗಿಂತ ಮೊದಲೇ ಸಿಗುತ್ತದೆ: ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂಡುವುದಿಲ್ಲ. ಹೆಪ್ಪು ಕಟ್ಟುವುದೂ ಬ್ಯಾಕ್ಟೀರಿಯಾದ ಕೆಲಸವೇ ತಾನೆ. ಒಬ್ಬರ ಎರಡು ಲೀಟರು ಹಾಲು ಇಡೀ ಕ್ಯಾನಿಗೆ ಬೆರೆಯುತ್ತದೆ. ನಾಲ್ಕು ದಿನದ ಹಾಲಿನ ದುಡ್ಡು ಹೋಗುವುದು ಬಡವರಿಗೆ ಸಣ್ಣ ಮಾತಲ್ಲವೆಂದು ಬಲ್ಲೆ. ಆದರೂ ಇದರಲ್ಲಿ ರಿಯಾಯಿತಿ ಇಲ್ಲ.

ಮಾಡಬಾರದ್ದು

ವಾಹನಗಳ ಸುಟ್ಟ ಎಣ್ಣೆಯನ್ನು ದನಕ್ಕೆ ಬಳಿಯಬೇಡಿ. ದನ ಮೈ ನೆಕ್ಕುತ್ತದೆ. ಆ ಎಣ್ಣೆಯಲ್ಲಿ ಸೀಸದಂಥ ವಿಷಗಳಿರುತ್ತವೆ. ಬ್ಯಾಟರಿಯ ನೀರು, ಕೀಟನಾಶಕ, ಸೀಮೆಎಣ್ಣೆ ಇವುಗಳ ಮಾತೇ ಬೇಡ.

ನಮ್ಮ ಬೆಳೆಗಾರರಿಗೆ ಪ್ರತ್ಯೇಕವಾಗಿ ಹೇಳಬೇಕಾದ್ದು ಬೋರ್ಡೋ ದ್ರಾವಣದ ವಿಚಾರ. ಡ್ರಮ್ಮಿನಲ್ಲಿ ಉಳಿದ ನೀಲಿ ನೀರನ್ನು "ಕೊಳೆಗೆ ಆಗುವುದು ದನಕ್ಕೂ ಆದೀತು" ಎಂದು ದನದ ಬೆನ್ನಿಗೆ ಸುರಿದವರನ್ನು ನಾನು ಕಂಡಿದ್ದೇನೆ. ತಾಮ್ರ ಹೊಟ್ಟೆಗೆ ಹೋದರೆ ವಿಷ. ದೊಡ್ಡ ದನಕ್ಕಿಂತ ಕರುವಿಗೆ, ಎಲ್ಲಕ್ಕಿಂತ ಕುರಿಗೆ ಬೇಗ. ಹೊಡೆಸಿದ ತೋಟದ ಬುಡದ ಹುಲ್ಲನ್ನು ಒಂದೆರಡು ಒಳ್ಳೆಯ ಮಳೆ ಬಿದ್ದು ತೊಳೆದುಹೋಗುವವರೆಗೆ ಕೊಯ್ದು ಹಾಕಬಾರದು. ತುತ್ತ ಕರಗಿಸಿದ ಬಾನಿಯಲ್ಲಿ ಅಕ್ಕಚ್ಚು ಕಲಸಲೇಬಾರದು.

ಬಾರದಂತೆ ನೋಡಿಕೊಳ್ಳುವುದು

ಅಡಿಕೆ ಗೊನೆ ನೆನೆಯಬಾರದೆಂದು ಮರ ಹತ್ತಿಸಿ ಕೊಟ್ಟೆ ಕಟ್ಟಿಸುವ ಜನ ನಾವು. ಕೊಟ್ಟಿಗೆಯ ಹಂಚು ಜಾರಿ ದನದ ಬೆನ್ನ ಮೇಲೆ ಸೋರುತ್ತಿದ್ದರೆ ಅಲ್ಲಿಗೆ ಹೋಗಿ ನೋಡುವುದು ದೀಪಾವಳಿಯ ಗೋಪೂಜೆಯ ದಿನ. ಮೇ ತಿಂಗಳಲ್ಲಿ ಹಂಚು ಕೈಯಾಡಿಸುವಾಗ ಮನೆಯ ಜೊತೆಗೆ ಕೊಟ್ಟಿಗೆಯದನ್ನೂ ಮಾಡಿಸಿ. ಸೋರುವ ಒಂದು ಜಾಗದ ಕೆಳಗೆ ದಿನವೂ ಕಟ್ಟುವ ದನಕ್ಕೆ ಅದೇ ಜಾಗದಲ್ಲಿ ಹಕ್ಕಳೆ ಏಳುವುದನ್ನು ನಾನು ಎರಡು ಕೊಟ್ಟಿಗೆಗಳಲ್ಲಿ ಕಂಡೆ.

ನಮ್ಮ ಸೊಪ್ಪಿನ ಕೊಟ್ಟಿಗೆ ಗೊಬ್ಬರಕ್ಕೆ ಒಳ್ಳೆಯದು, ಅದನ್ನು ಬಿಡಿ ಎನ್ನುವುದಿಲ್ಲ. ಆದರೆ ಸುರಿಯುವ ಮಳೆಯಲ್ಲಿ ಕಡಿದು ತಂದ ಹಸಿ ಸೊಪ್ಪನ್ನು ಹಾಸಿದರೆ ದನ ನೀರಿನ ಮೇಲೆ ಮಲಗಿದಂತೆ. ಫೆಬ್ರವರಿ, ಮಾರ್ಚಿಯಲ್ಲಿ ಗುಡಿಸಿದ ದರಗನ್ನು ಅಟ್ಟದಲ್ಲಿ ಕೂಡಿಟ್ಟುಕೊಂಡು ಆರಿದ್ರಾದಿಂದ ಮಖೆಯವರೆಗೆ ಸೊಪ್ಪಿನ ಮೇಲೆ ಒಂದು ಪದರ ಹಾಕಿದರೆ ಬಹಳ ಉತ್ತಮ. ಗಂಜಲ ಹರಿದುಹೋಗಲು ಇಳಿಜಾರು ಇರಲಿ.

ಉಣುಗಿನ ನಿಯಂತ್ರಣ ಬಹಳ ಮುಖ್ಯ, ಬರೀ ದನಕ್ಕಾಗಿ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುವುದೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಕಾಡಿಗೆ ಹೋದ ದನ ಉಣುಗನ್ನು ಅಂಗಳಕ್ಕೆ ಹೊತ್ತು ತರುತ್ತದೆ. ವೈದ್ಯರು ಕೊಡುವ ಔಷಧಿಯನ್ನು ಹೇಳಿದ ಅಳತೆಯಲ್ಲಿ ಬಳಸಿ. ಬೇವಿನ ಎಣ್ಣೆಯನ್ನು ಆರೋಗ್ಯವಾದ ಮೈಗೆ ತೆಳುವಾಗಿ ಸವರಿದರೆ ನೊಣ ಕಡಿಮೆಯಾಗುತ್ತದೆ. ಹಕ್ಕಳೆಯ ಮೇಲೆ ಮಾತ್ರ ಬೇಡ.

ಗಿಡ್ಡ ತಳಿಯ ದನ ತಲೆತಲಾಂತರದಿಂದ ಈ ಮಳೆಯಲ್ಲಿ ಬೆಳೆದದ್ದು. ತೆಳ್ಳನೆಯ ನುಣುಪು ಕೂದಲು, ಗಟ್ಟಿ ಮೈ. ನಾನು ನೋಡಿದ ಕೊಟ್ಟಿಗೆಗಳಲ್ಲಿ ಹಾಸುಹಕ್ಕಳೆಯಾದದ್ದೆಲ್ಲ ಮಿಶ್ರತಳಿಗೆ. ಆದುದರಿಂದ ಗಿಡ್ಡಕ್ಕೆ ಬರುವುದೇ ಇಲ್ಲವೆಂದು ತಿಳಿಯಬಾರದು. ಸೊರಗಿದ, ಹೊಟ್ಟೆಹುಳು ತುಂಬಿದ ಯಾವ ದನಕ್ಕಾದರೂ ಬರುತ್ತದೆ. ಮಳೆಗಾಲದ ಮೊದಲು ಜಂತುಹುಳುವಿನ ಔಷಧಿ ಕುಡಿಸಿ, ದಿನವೂ ಖನಿಜ ಮಿಶ್ರಣ ಹಾಕುವುದನ್ನು ಬಿಡಬೇಡಿ.

ಸೂಚನೆ

ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ಇನ್ನು ಮುಂದೆ ಸಂಘದ ಕೌಂಟರಿನಲ್ಲಿ ದನದ ರೋಗಕ್ಕೆ ನಾನಾಗಲಿ ಗುಮಾಸ್ತರಾಗಲಿ ಔಷಧಿ ಹೇಳುವುದಿಲ್ಲ, ದಯವಿಟ್ಟು ಕೇಳಬಾರದು. ತೂಕ ನೋಡುವ ಅಂಗುಲದ ಟೇಪು ಎರಡು ತರಿಸಿ ಕಚೇರಿಯ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದೆ. ಬೇಕಾದವರು ಪುಸ್ತಕದಲ್ಲಿ ಹೆಸರು ಬರೆದು ಒಯ್ಯಬಹುದು, ಎರಡು ದಿನದೊಳಗೆ ಹಿಂದಕ್ಕೆ ತರಬೇಕು.